ಮಗುಚಿ ಬರೆದ ಜಗಲಿ

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಅಳತೆ ಟೇಪು ಇರುತ್ತದೆ. ಮದುವೆ ಊಟಕ್ಕೆ ಹೋದರೂ ಇರುತ್ತದೆ. ಮೇಸ್ತ್ರಿ "ಹತ್ತು ಅಡಿ ಸರಿಯಾಗಿ ಉಂಟು ಸರ್" ಎಂದ ಕೂಡಲೇ ನನ್ನ ಕೈ ಜೇಬಿಗೆ ಹೋಗುತ್ತದೆ. ಹೆಂಡತಿ ಹೊಸ ಸೀರೆಯ ಉದ್ದ ಹೇಳಿದಾಗಲೂ ಒಮ್ಮೆ ಹೋಗಿತ್ತು, ಅವಳ ಮುಖ ನೋಡಿ ವಾಪಸು ಬಂತು. ಜನ ಸುಳ್ಳು ಹೇಳುತ್ತಾರೆ ಎಂದಲ್ಲ. ಅವರಿಗೆ ಬೇಕಾದದ್ದು ಅವರ ಕಣ್ಣಿಗೆ ಕಾಣುತ್ತದೆ. ಗೋಡೆಗೆ ಅಂಥ ದೌರ್ಬಲ್ಯವಿಲ್ಲ. ಹತ್ತು ವರ್ಷ ಕಟ್ಟಡಗಳನ್ನು ಕಟ್ಟಿಸಿ, ಇಪ್ಪತ್ತೈದು ವರ್ಷ ಕಟ್ಟಡ, ಬೀದಿ, ನಗರ ಎಂದು ಪಾಠ ಹೇಳಿ ನಾನು ಸಂಪಾದಿಸಿದ ತಿಳಿವಳಿಕೆ ಇಷ್ಟೇ. ಇಷ್ಟು ಗುಮಾನಿಯ ಮನುಷ್ಯ ತನ್ನ ಸ್ವಂತ ನೆನಪಿಗೆ ಮಾತ್ರ ಒಂದು ದಿನವೂ ಟೇಪು ಹಿಡಿಯಲಿಲ್ಲ ಎನ್ನುವುದನ್ನು ನಿಮ್ಮಲ್ಲಿ ಹೇಳಿಬಿಡುತ್ತೇನೆ.

ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ನನ್ನ ಮೊದಲ ಪಾಠ ಮೂಡುಬಿದಿರೆಯ ಒಂದು ಹಳೆ ಜೈನರ ಮನೆಯದು. ನಾನು ವಿದ್ಯಾರ್ಥಿಯಾಗಿದ್ದಾಗ ಅಳೆದು ಬರೆದ ಮನೆ. ನಡುವೆ ಬಾಗಿಲು, ಬಲಕ್ಕೊಂದು ಜಗಲಿ, ಎಡಕ್ಕೊಂದು ಜಗಲಿ. ಬಲದ್ದು ಮನೆಯವರದು, ಎಡದ್ದು ದಾರಿಹೋಕರದು ಎಂದು ನಾನು ವಿವರಿಸುತ್ತಿದ್ದೆ. ಬಸ್ಸು ತಪ್ಪಿದವನು, ಬಿಸಿಲಿಗೆ ದಣಿದವನು ಯಾರನ್ನೂ ಕೇಳದೆ ಕುಳಿತುಕೊಳ್ಳಬಹುದಾದ ಜಾಗ. "ನಗರ ಶುರುವಾಗುವುದು ಈ ಎಡ ಜಗಲಿಯಲ್ಲಿ" ಎನ್ನುವಾಗ ದನಿಯನ್ನು ಸ್ವಲ್ಪ ಇಳಿಸುತ್ತಿದ್ದೆ. ಮಕ್ಕಳು ಆ ಮಾತಿಗೆ ಅಡಿಗೆರೆ ಹಾಕಿಕೊಳ್ಳುತ್ತಿದ್ದರು. ಆ ಡ್ರಾಯಿಂಗಿಗೆ ಕಾಲೇಜಿನಲ್ಲಿ ಬಹುಮಾನ ಬಂದಿತ್ತು. ಜಗಲಿಯ ಅಂಚಿನ ಕಲ್ಲು ಅಂಗೈಯಗಲ ಮುಕ್ಕಾದದ್ದನ್ನೂ ಬಿಡದೆ ಬರೆದಿದ್ದಾನೆ ಎಂದು ನಮ್ಮ ಮೇಷ್ಟ್ರು ಹೊಗಳಿದ್ದರು. ಮೊದಲ ಕೆಲಸ ಸಿಕ್ಕಿದ್ದು ಆ ಹಾಳೆ ತೋರಿಸಿ. ಪಾಠ ಹೇಳುವ ಕೆಲಸ ಸಿಕ್ಕಿದ್ದೂ ಆ ಎರಡು ಜಗಲಿಗಳ ಬಗ್ಗೆ ಮಾತಾಡಿ.

ಕಳೆದ ತಿಂಗಳು ಸುಪ್ರೀತಾ ಫೋನು ಮಾಡಿದಳು. ಮುಂಡಾಜೆಯವಳು, ನನ್ನ ಹಳೆ ವಿದ್ಯಾರ್ಥಿನಿ, ಈಗ ಬೆಳ್ತಂಗಡಿಯಲ್ಲಿ ಸ್ವಂತ ಆಫೀಸು. ಅದೇ ಮನೆಯ ರಿಪೇರಿ ಅವಳಿಗೆ ಬಂದಿತ್ತು. ಮನೆ ನೋಡಿಕೊಳ್ಳುವ ಅಜಿತ್ ಎಂಬವರಿಗೆ ಮನೆ ಮೊದಲು ಹೇಗಿತ್ತೋ ಹಾಗೆ ಆಗಬೇಕಂತೆ. "ಎಡ ಜಗಲಿಯನ್ನು ಯಾವಾಗಲೋ ಮುಚ್ಚಿ ಕೋಣೆ ಮಾಡಿದ್ದಾರೆ ಸರ್. ಸೋಮವಾರ ಆ ಗೋಡೆ ತೆಗೆಸ್ತೇನೆ. ನಿಮ್ಮ ಡ್ರಾಯಿಂಗ್ ಇದೆಯಲ್ಲ, ಅದರ ಹಾಗೆಯೇ ಮಾಡುವ" ಎಂದಳು. ತನ್ನ ಹಾಳೆ ಕಲ್ಲಾಗುತ್ತದೆ ಎಂದರೆ ಯಾವ ಮೇಷ್ಟ್ರು ಬೇಡ ಎನ್ನುತ್ತಾನೆ? ಒಂದೇ ತೊಡಕು. ಆ ಕೋಣೆಯಲ್ಲಿರುವುದು ಅಜಿತರ ದೊಡ್ಡಮ್ಮ, ಪದ್ಮಾವತಿ ಅಮ್ಮ. ಅಲ್ಲಿ ಎಂದೂ ಜಗಲಿಯೇ ಇರಲಿಲ್ಲ ಎಂದು ಅವರ ಹಟ. "ಎಂಬತ್ತು ದಾಟಿತು ಸರ್, ಮರೆವು. ಹಿಂದಿನ ಕೋಣೆ ಅವರಿಗೆ ಸಿದ್ಧ ಮಾಡಿದ್ದೇವೆ. ನೀವೇ ಒಮ್ಮೆ ಬಂದು ಹೇಳಿದರೆ ಕೇಳಬಹುದು."

ಶನಿವಾರ ಮಧ್ಯಾಹ್ನ ಬಂಟ್ವಾಳದಿಂದ ಹೊರಟೆ. ದಾರಿಯಲ್ಲಿ ಒಂದು ಸಣ್ಣ ಗುಮಾನಿ ಜೊತೆಗೆ ಹತ್ತಿಕೊಂಡಿತು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಸಾವಿರ ಕಂಬದ ಬಸದಿಗೆ ಕರೆತರುತ್ತೇನೆ. ಅಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂದು ಊರವರು ಹೇಳುವುದನ್ನು ನಾನೂ ಹೇಳುತ್ತೇನೆ. ಟೇಪು ಹಿಡಿದು ನೋಡಿಯೂ ಇದ್ದೇನೆ, ಜೋಡಿ ಸಿಕ್ಕಿಲ್ಲ. ಕಂಬಕ್ಕೆ ಕಂಬ ಹೊಂದದ ಊರಿನಲ್ಲಿ ಬೆಣ್ಣೆ ಕತ್ತರಿಸಿದ ಹಾಗೆ ಎರಡೂ ಕಡೆ ಸಮನಾದ ಒಂದು ಮನೆ ಎಲ್ಲಿಂದ ಬಂತು ಎಂದು ನಾನು ಕೇಳಿಕೊಂಡದ್ದೇ ಇಲ್ಲ. ಇನ್ನೂ ವಿಚಿತ್ರ, ಬಸದಿಯಿಂದ ಐದು ನಿಮಿಷದ ದಾರಿಯಲ್ಲಿರುವ ಆ ಮನೆಯ ಕಡೆ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ತಲೆ ಹಾಕಿಲ್ಲ. ಸಮಯವಿಲ್ಲ ಎನ್ನುತ್ತಿದ್ದೆ. ಮಕ್ಕಳು ಕಬ್ಬಿನ ಹಾಲು ಕುಡಿಯಲು ಮಾತ್ರ ಸಮಯವಿರುತ್ತಿತ್ತು.

ಪದ್ಮಾವತಿ ಅಮ್ಮ ಆ ಕೋಣೆಯ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕುಳಿತಿದ್ದರು. ಕಿಟಕಿ ಬೀದಿಗೆ ತೆರೆಯುತ್ತದೆ. ನಾನು ಸುಪ್ರೀತಾಳ ಜೊತೆ ಒಳಗೆ ಬರುವಷ್ಟರಲ್ಲಿ ಹೂವಿನವಳು, ಪೋಸ್ಟಿನವನು, ಸ್ಕೂಟರಿನ ಒಬ್ಬ ಮೇಷ್ಟ್ರು, ಮೂವರೂ ಅಲ್ಲಿ ನಿಂತು ಎರಡು ಮಾತಾಡಿ ಹೋದರು. ಮೊಣಕಾಲು ಬಗ್ಗದ ಆ ಹೆಂಗಸಿಗೆ ಊರು ಇದ್ದದ್ದು ಈ ಕಿಟಕಿಯಲ್ಲಿ. ಹಿಂದಿನ ಕೋಣೆಯನ್ನೂ ನೋಡಿದೆ. ಹಗಲಿಗೇ ದೀಪ ಬೇಕು.

ಆದರೂ ನಾನು ಅವರನ್ನು ನಂಬಲಿಲ್ಲ. ಕೋಣೆ ಬೇಕಾದವರಿಗೆ ಕೋಣೆ ನೆನಪಿರುತ್ತದೆ. ವಕೀಲನ ಹಾಗೆ ಮೂರು ನಾಲ್ಕು ಪ್ರಶ್ನೆ ಹಾಕಿದೆ. ಅವರು ತುಳುವಿನಲ್ಲಿ ನಿಧಾನ ಉತ್ತರ ಕೊಟ್ಟರು. ಕನ್ನಡಕ್ಕೆ ತರುವಾಗ ಆ ಮಾತಿನ ಮೊನೆ ಸ್ವಲ್ಪ ಮೊಂಡಾಗಿದೆ.

"ನಾನು ಹುಟ್ಟಿದ್ದೇ ಈ ಕೋಣೆಯಲ್ಲಿ. ಜಗಲಿಯಲ್ಲಿ ಹೆತ್ತರೆಂದು ನಿಮ್ಮ ಕಾಗದ ಹೇಳುತ್ತದೋ?"

ಸುಪ್ರೀತಾ ನೆಲ ನೋಡಿದಳು. ಅಮ್ಮ ನನ್ನನ್ನು ದಿಟ್ಟಿಸಿ, "ನೀವು ಬಂಟ್ವಾಳದ ಹುಡುಗ ಅಲ್ಲವೋ? ಮೂರು ಸಲ ಪಾಯಸ ಹಾಕಿಸಿಕೊಂಡವರು" ಎಂದರು. ಆ ದಿನ ನಾವು ನಾಲ್ಕು ಜನ ಬಲಗಡೆ ಅಳೆದು ಮುಗಿಸುವಾಗ ಸಂಜೆಯಾಗಿತ್ತಂತೆ. ಜೈನರಾದ್ದರಿಂದ ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಊಟವಿಲ್ಲ. ಮಕ್ಕಳು ಹಸಿದು ಹೋಗಬಾರದೆಂದು ಇವರೇ ಒಳಗೆ ಕರೆದು ಎಲೆ ಹಾಕಿದ್ದರು. ಉಂಡು ಏಳುವಾಗ ಬೆಳಕಿಲ್ಲ. ಬಸ್ಸಿಗೆ ಓಡಿದ್ದೆವಂತೆ.

ಪಾಯಸ ನನಗೆ ನೆನಪಿತ್ತು. ಅದಕ್ಕೇ ನನ್ನ ಮೇಲೆ ಅನುಮಾನ ಹೆಚ್ಚಾಯಿತು. ಪಾಯಸ ನೆನಪಿರುವವನಿಗೆ ಈ ಬದಿ ಅಳೆದದ್ದು ಯಾಕೆ ನೆನಪಿಲ್ಲ?

ಎದುರಿನ ಗೋಡೆಯಲ್ಲಿ ಸುಪ್ರೀತಾ ರಿಪೇರಿ ಕೆಲಸಕ್ಕೆಂದು ನನ್ನ ಡ್ರಾಯಿಂಗನ್ನು ದೊಡ್ಡದು ಮಾಡಿಸಿ ಅಂಟಿಸಿದ್ದಳು. ಎದ್ದು ಹತ್ತಿರ ಹೋದೆ. ಬಲ ಜಗಲಿಯ ಹೊರ ಅಂಚಿನಲ್ಲಿ ಆ ಮುಕ್ಕಾದ ಕಲ್ಲು, ಮೇಷ್ಟ್ರು ಹೊಗಳಿದ್ದು. ಎಡ ಜಗಲಿಯ ಹೊರ ಅಂಚಿನಲ್ಲೂ ಮುಕ್ಕಾದ ಕಲ್ಲು. ಅಷ್ಟೇ ಅಗಲ, ಅದೇ ಆಕಾರ, ಕನ್ನಡಿಯಲ್ಲಿ ಕಂಡ ಹಾಗೆ.

ಹೊರಗೆ ಹೋಗಿ ಬಲ ಜಗಲಿಯ ಮುಕ್ಕಿನ ಮೇಲೆ ಕೈಯಿಟ್ಟೆ. ಅಂಗೈ ಸರಿಯಾಗಿ ಕುಳಿತುಕೊಂಡಿತು. ಅಮ್ಮ ಕಿಟಕಿಯಿಂದಲೇ, "ನಾನು ಸಣ್ಣವಳಿರುವಾಗ ಗಾಡಿಯ ಚಕ್ರ ತಾಗಿದ್ದು. ಗಾಡಿ ಒಂದೇ, ತಾಗಿದ್ದೂ ಒಂದೇ ಸಲ" ಎಂದರು.

ನಮ್ಮ ಕಸುಬಿನ ಕಳ್ಳತನವೊಂದನ್ನು ನಿಮಗೆ ಹೇಳಬೇಕು. ಹೊತ್ತಾದರೆ ವಿದ್ಯಾರ್ಥಿಗಳು ಮನೆಯ ಒಂದು ಬದಿ ಅಳೆದು ಬರುತ್ತಾರೆ. ಹಾಸ್ಟೆಲಿನಲ್ಲಿ ಕುಳಿತು, ತೆಳು ಹಾಳೆಯನ್ನು ಮಗುಚಿ ಹಾಕಿ ಇನ್ನೊಂದು ಬದಿಯನ್ನು ಅದರಿಂದಲೇ ಇಳಿಸಿಬಿಡುತ್ತಾರೆ. ಹಾಳೆ ಮಗುಚುವ ಸದ್ದು ಈಗ ನನ್ನ ಕಿವಿಯಲ್ಲಿ ಕೇಳಿಸುತ್ತದೆ. ಆ ಸದ್ದು ಅಂದಿನದೋ, ಸಿಕ್ಕಿಬಿದ್ದ ಮೇಲೆ ಕಟ್ಟಿಕೊಂಡದ್ದೋ, ಆಣೆ ಮಾಡಿ ಹೇಳಲಾರೆ. ಬೇಕೆಂದೇ ಮಾಡಿ ಮರೆತೆನೋ, ಮರೆಯಬೇಕೆಂದೇ ಈ ಬೀದಿಗೆ ಬರಲಿಲ್ಲವೋ, ಅದನ್ನೂ ಹೇಳಲಾರೆ. ಇಲ್ಲದ ಜಗಲಿಯೊಂದರ ಮೇಲೆ ಇಪ್ಪತ್ತೈದು ವರ್ಷ ದಾರಿಹೋಕರನ್ನು ಕೂರಿಸಿದ್ದೇನೆ ಎನ್ನುವುದು ಮಾತ್ರ ಖಂಡಿತ. ಸೋಮವಾರ ಅದೇ ಜಗಲಿಗಾಗಿ ಒಬ್ಬ ಮುದುಕಿಯನ್ನು ಎಬ್ಬಿಸಿ ಕತ್ತಲೆ ಕೋಣೆಗೆ ಕಳಿಸುವವರಿದ್ದರು.

ಒಳಗೆ ಬಂದು ಇಬ್ಬರೆದುರೂ ಹೇಳಿದೆ, "ಅಮ್ಮ ಹೇಳಿದ್ದು ಸರಿ. ಈ ಬದಿ ನಾನು ಅಳೆದೇ ಇಲ್ಲ."

ಸುಪ್ರೀತಾ ಗೋಡೆಯ ಡ್ರಾಯಿಂಗಿನ ಹತ್ತಿರ ಹೋಗಿ ಎರಡೂ ಮುಕ್ಕುಗಳನ್ನು ನೋಡಿದಳು. ಆಮೇಲೆ ಮೆಲ್ಲ, "ಸರ್, ಕಾಲೇಜಿನಲ್ಲಿ ನಾರಾವಿಯ ಬಸದಿ ಅಳೆಯಲು ನಮ್ಮ ಗುಂಪಿಗೆ ಬಂದಿತ್ತಲ್ಲ, ನಾವೂ ಅರ್ಧ ಮಗುಚಿದ್ದು" ಎಂದಳು. ಅದಕ್ಕೆ ನಾನು ಎಷ್ಟು ಅಂಕ ಕೊಟ್ಟಿದ್ದೆ ಎಂದು ಕೇಳಲಿಲ್ಲ. ತರಗತಿಗೇ ಹೆಚ್ಚು ಕೊಟ್ಟಿದ್ದೆ ಎಂದು ನನ್ನ ನೆನಪು. ಅದನ್ನು ನೀವು ಎಷ್ಟು ನಂಬುತ್ತೀರೋ ನಂಬಿ. ಅವಳು ಫೋನು ಹಿಡಿದು ಅಜಿತರಿಗೆ ಹೇಳಲು ಹೊರಗೆ ಹೋದಳು. ಗೋಡೆ ಒಡೆಯುವವರು ಸೋಮವಾರ ಬರುವುದು ಬೇಡ ಎನ್ನುವುದು ಕೇಳಿಸಿತು.

ಅಮ್ಮನ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ಕಿಟಕಿಯಲ್ಲಿ ಬಿಸಿಲು ಎಲ್ಲಿಯವರೆಗೆ ಬಂದಿದೆ ಎಂದು ನೋಡಿದರು. ಅವರ ಗಡಿಯಾರ ಅದು.

"ಊಟಕ್ಕೆ ಇನ್ನೂ ಒಂದು ಗಂಟೆ ಉಂಟು" ಎಂದರು. "ಈ ಸಲ ಮೊದಲು ಈ ಬದಿ ಅಳೆಯಿರಿ."

ಜೇಬಿನಿಂದ ಟೇಪು ತೆಗೆದೆ. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಅವರು ಕುರ್ಚಿಯಿಂದಲೇ ಕೈ ಚಾಚಿದರು.