ಎಣ್ಣೆ ಹಚ್ಚದ ಹಗ್ಗ

ಎದುರು ಮನೆಯವರು ಹೊಸ ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ತಿಕ್ಕಿ, ಒಣಗಲೆಂದು ಕಟ್ಟೆಗೆ ಆನಿಸಿ ಇಟ್ಟಿದ್ದರು. ಇಂಡಿ ಊರಿನ ಬೇಸಿಗೆಯ ಬೆಳಗು. ಗಾಳಿಯ ಸುಳಿವಿರಲಿಲ್ಲ, ವಾಸನೆ ರಸ್ತೆ ದಾಟಿ ನನ್ನ ಬಾಗಿಲಿಗೆ ಬರಲು ಕಾರಣವೂ ಇರಲಿಲ್ಲ. ಆದರೂ ಬಂತು. ಮೊದಲು ಮೀನಿನಂಥ ಹಸಿ ವಾಸನೆ, ಅದರ ಹಿಂದೆ ಹುರಿದ ಕಾಳಿನದು... ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟು ಹೊಸ್ತಿಲ ಬಳಿಯೇ ಕುಳಿತೆ.

ಅದು ಅಂಬಿಗ ಕಾಕಾನ ಕೈಯ ವಾಸನೆ. ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ. ಅವನ ಕೈಗೆ ಆ ವಾಸನೆ ಇದ್ದದ್ದು ಆರು ದಿನ ಮಾತ್ರ. ಉಳಿದ ಅಷ್ಟೂ ವರ್ಷ ತಂಬಾಕು, ಹೊಳೆಯ ರಾಡಿ, ತೊಯ್ದ ಕಟ್ಟಿಗೆ. ಆದರೆ ನನ್ನಲ್ಲಿ ಉಳಿದಿರುವುದು ಆ ಆರು ದಿನಗಳದ್ದೇ. ಅವನು ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು. ಈಗ 'ಅವರು' ಎಂದು ಬರೆಯಲು ಮನಸ್ಸು ಎಳೆಯುತ್ತದೆ. ಆದರೆ ಆಗ ನಾನು ಅವನಿಗೆ ಬಾ, ಹೋಗು ಎನ್ನುತ್ತಿದ್ದೆ. ಅವನು ನನ್ನನ್ನು ಸಾಲೆಯ ಟೀಚರಿಗೆ ಹೇಳುವಂತೆ 'ಅಕ್ಕೋರ' ಎಂದು ಕರೆಯುತ್ತಿದ್ದ, ಪ್ರತಿ ಮಾತಿಗೂ 'ರಿ' ಹಚ್ಚುತ್ತಿದ್ದ. ಇಷ್ಟು ತಡವಾಗಿ ಮರ್ಯಾದೆ ಕೊಟ್ಟು ಅದನ್ನು ಒಪ್ಪಗೊಳಿಸುವುದು ಬೇಡ.

ಆಗ ನಾನು ಮುದ್ದೇಬಿಹಾಳದ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ನನ್ನ ತವರು ಕೃಷ್ಣೆಯ ಆಚೆ ದಂಡೆಯಲ್ಲಿ. ಸೇತುವೆ ಸುತ್ತಿ ಹೋದರೆ ಅರ್ಧ ದಿನ ಹೋಗುತ್ತಿತ್ತು, ಹಾಗಾಗಿ ಶನಿವಾರ ಸಾಲೆ ಬಿಟ್ಟ ಮೇಲೆ ಅವನ ನಾವೆಯಲ್ಲಿ ದಾಟುತ್ತಿದ್ದೆ. ನಾವೆಯ ನಡುವೆ ಒಂದು ಕಂಬ, ಕಂಬಕ್ಕೆ ಅಡ್ಡವಾಗಿ ಬಿದಿರು, ಬಿದಿರಿಗೆ ತೇಪೆ ಹಚ್ಚಿದ ಹಾಯಿ. ಹಾಯಿಯ ಕೆಳತುದಿಯಿಂದ ಹಿಂದಕ್ಕೆ ಒಂದು ಹಗ್ಗ ಬರುತ್ತಿತ್ತು. ಅದನ್ನು ಅವನು ಕೈಹಗ್ಗ ಎನ್ನುತ್ತಿದ್ದ. ಕೈಯಲ್ಲೇ ಇರಬೇಕಾದ ಹಗ್ಗ. ಗಾಳಿ ಜೋರಾದರೆ ಅದನ್ನು ಸಡಿಲ ಬಿಡಬೇಕು. ಆಗ ಹಾಯಿ ಪಟಪಟ ಹೊಡೆದುಕೊಂಡು ಗಾಳಿಯನ್ನು ಚೆಲ್ಲುತ್ತದೆ, ನಾವೆ ನೆಟ್ಟಗೆ ನಿಲ್ಲುತ್ತದೆ. ಕಟ್ಟಿಟ್ಟರೆ ಗಾಳಿ ಹೋಗಲು ದಾರಿ ಇಲ್ಲ, ನಾವೆಯೇ ವಾಲುತ್ತದೆ. ಅವನ ವಿದ್ಯೆಯ ಮುಖ್ಯ ಭಾಗ ಇಷ್ಟೇ. ನನಗೂ ಗೊತ್ತಿತ್ತು. ಎಷ್ಟು ಶನಿವಾರ ನೋಡಿದ್ದೆ.

ಅದು ಶ್ರಾವಣದ ಮೊದಲ ಶನಿವಾರವೋ, ಎರಡನೆಯದೋ... ಹೊಳೆ ತುಂಬಿತ್ತು. ನಡುನೀರಿನಲ್ಲಿ ಮುಂದಿನ ಹಲಗೆಯ ಸಂದಿಗೆ ತುರುಕಿದ್ದ ಹತ್ತಿ ಬಿಟ್ಟುಕೊಂಡು ನೀರು ಒಳಗೆ ಬರತೊಡಗಿತು. ಕಾಕಾ ಅದನ್ನು ಮುಚ್ಚಲು ಮುಂದೆ ಹೋಗಲೇಬೇಕಿತ್ತು. ಉಳಿದ ಮಂದಿ ಹಾಯಿಯ ಮುಂದೆ ಕುಳಿತಿದ್ದರು, ಹಿಂದಿನ ಹಲಗೆಯ ಮೇಲೆ ಇಬ್ಬರೇ ಇದ್ದೆವು: ನಾನು ಮತ್ತು ಬೀಗರ ಊರಿಗೆ ಹೊರಟಿದ್ದ ಒಬ್ಬ ಮುದುಕ. ಚುಕ್ಕಾಣಿಯನ್ನು ಮುದುಕನ ಕೈಗೆ ಕೊಟ್ಟ. ಹಗ್ಗವನ್ನು ನನಗೆ ಕೊಟ್ಟ. "ಹಿಂಗ ಹಿಡ್ಕೊರಿ ಅಕ್ಕೋರ. ಜಗ್ಗಿದ್ರ ಬಿಡ್ರಿ. ಕಟ್ಟಬ್ಯಾಡ್ರಿ."

ನನ್ನ ತೊಡೆಯ ಮೇಲೆ ಚೀಲವಿತ್ತು. ಅದರಲ್ಲಿ ಹುಡುಗಿಯರು ಹಾಕಿದ ಕಸೂತಿಯ ಬಿಳಿ ತುಂಡುಗಳು, ನಾನು ಮನೆಗೊಯ್ದು ಅಂಕ ಹಾಕಬೇಕಾದವು. ಕಾಲ ಬಳಿ ನೀರು ಬಂತು, ಚೀಲ ಜಾರಿತು, ಅಂಗೈ ಉರಿಯುತ್ತಿತ್ತು. ಹಗ್ಗವನ್ನು ಹಲಗೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ದಾರ ಬಿಚ್ಚದ ಹಾಗೆ ನಾನು ಮಕ್ಕಳಿಗೆ ಕಲಿಸುವ ಗಂಟು, ಒಂದರ ಮೇಲೊಂದು, ಬಿಗಿಯಾಗಿ. ಎರಡೂ ಕೈಯಿಂದ ಚೀಲ ಎತ್ತಿಕೊಂಡೆ. ಕಸೂತಿ ತೊಯ್ಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ತೊಯ್ಯಲಿಲ್ಲ.

ಗಾಳಿ ಪಕ್ಕದಿಂದ ಬಂತು. "ಬಿಡ್ರಿ" ಎಂದು ಕಾಕಾ ಹಾಯಿಯ ಆಚೆಯಿಂದ ಕೂಗಿದ. ಪುಂಡಿ ನಾರಿನ ಹಗ್ಗ ತೊಯ್ದರೆ ಉಬ್ಬುತ್ತದೆ, ಗಂಟು ಕಲ್ಲಾಗುತ್ತದೆ. ನನ್ನ ಉಗುರು ಮುರಿದವು, ಗಂಟು ಬಿಚ್ಚಲಿಲ್ಲ. ಆಮೇಲಿನದು ನನಗೆ ನೀರಿನ ಬಣ್ಣವಾಗಿ ಮಾತ್ರ ನೆನಪಿದೆ. ನನ್ನನ್ನು ದಂಡೆಗೆ ಎಳೆದು ತಂದವನು ಅವನೇ. ನನ್ನ ನಂತರ ಇನ್ನೂ ನಾಲ್ವರನ್ನು ತಂದ. ಮುದುಕ ಸಿಗಲಿಲ್ಲ, ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಬಳೆಗಾರ್ತಿಯೂ ಸಿಗಲಿಲ್ಲ.

ನಾವೆಯನ್ನು ಮೇಲೆತ್ತಿದಾಗ ಹಗ್ಗ ಹಲಗೆಗೆ ಕಟ್ಟಿದ್ದು ಎಲ್ಲರಿಗೂ ಕಂಡಿತು. ಗಂಟು ಬಿಚ್ಚಲು ಬಾರದೆ ಕುಡಗೋಲಿನಿಂದ ಕೊಯ್ದರು. ವಿಚಾರಣೆಗೆ ಬಂದ ಸಾಹೇಬರು ಆ ತುಂಡನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡರು. ಮುಂದೆ ಕುಳಿತಿದ್ದ ಮಂದಿಗೆ ಹಾಯಿ ಅಡ್ಡವಿತ್ತು, ಹಿಂದೆ ನಡೆದದ್ದು ಅವರಿಗೆ ಕಂಡಿರಲಿಲ್ಲ. ಕಂಡ ಮುದುಕ ಇಲ್ಲ. ಅಂಬಿಗನೇ ಹಗ್ಗ ಕಟ್ಟಿಟ್ಟು ಮುಂದೆ ಬಂದ, ಆಮೇಲೆ ಬಿಡ್ರಿ ಎಂದು ಸುಮ್ಮನೆ ಕೂಗಿದ ಎಂದು ಊರು ಮಾತಾಡಿತು. ಅದು ನಿಜವೆಂದು ಸಾಹೇಬರು ಬರೆದರೆ ಅವನ ಪರವಾನಗಿ ಹೋಗುತ್ತಿತ್ತು, ಎರಡು ಸಾವು ಅವನ ತಲೆಗೆ ಬರುತ್ತಿತ್ತು. "ನಾ ಕಟ್ಟಾಂವಲ್ರಿ" ಎಂದಷ್ಟೇ ಅವನು ಹೇಳಿದ. ಹಾಯಿ ಎಂದರೇನೆಂದು ಸಾಹೇಬರಿಗೆ ಗೊತ್ತಿರಲಿಲ್ಲ. ಮಾಡಿ ತೋರಿಸು ಎಂದರು. ಹೀಗೆ ಅವನು ಒಂದು ಸಣ್ಣ ನಾವೆ ಮಾಡಲು ಹೊರಟ.

ಊರಲ್ಲಿ ದರ್ಜಿಗಳು ಬೇಕಾದಷ್ಟಿದ್ದರು. ಹಾಯಿ ಹೊಲಿಸಲು ಅವನು ನನ್ನ ಹತ್ತಿರ ಬಂದ.

ಮೊಳದುದ್ದದ ಒಡಲನ್ನು ಹಾಲವಾಣದ ಹಗುರ ಕಟ್ಟಿಗೆಯಲ್ಲಿ ಕೆತ್ತಿ ತಂದಿದ್ದ. ನಾನು ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ ಆರು ಸಂಜೆ ಕುಳಿತು ಅದಕ್ಕೆ ಕಂಬ, ಹಗ್ಗ, ಹಾಯಿ ಕಟ್ಟಿದ. ಮನೆಯೊಡತಿ ಆಯಿ ಬಾಗಿಲ ಬಳಿ ಕುಳಿತು ಅವನನ್ನು ಕೆಣಕುತ್ತಿದ್ದಳು. "ಏನೋ ಅಂಬಿಗ, ಹೊಳಿ ಬಿಟ್ಟು ನಮ್ಮ ಪಡಸಾಲ್ಯಾಗ ನಾವಿ ನಡಸಾಕತ್ತಿ?"

"ಇಲ್ಲಿ ಮುಳುಗಿದ್ರ ನೀವೊಬ್ರ ಹೋಗ್ತೀರಿ ಆಯಿ. ಕೇಸ ಹಗುರಾಗತೈತಿ."

ಆಯಿ ಕೆಮ್ಮು ಬರುವ ತನಕ ನಕ್ಕಳು. ನಾನೂ ನಕ್ಕೆ ಎಂದು ನೆನಪು. ಇಲ್ಲದಿರಬಹುದು.

ನಾನು ಮಲ್ಲಿನ ತೆಳು ಬಟ್ಟೆ ತೆಗೆದೆ. ಅವನು ಅದನ್ನು ಬಾಯಿಗೆ ಹಿಡಿದು ಊದಿ, ಗಾಳಿ ಸೋರತೈತ್ರಿ ಎಂದು ಹಿಂದೆ ಕೊಟ್ಟ. ದಪ್ಪ ನೇಯ್ಗೆಯ ಮಾದರಪಾಟ ಆರಿಸಿದ. ಅಂಚು ಬರೀ ಮಡಚಿ ಹೊಲಿದರೆ ಸಾಲದು, ಮಡಿಕೆಯೊಳಗೆ ಸಣ್ಣ ಹುರಿ ಇಟ್ಟು ಹೊಲಿಯಬೇಕು, ಇಲ್ಲದಿದ್ದರೆ ಹಾಯಿ ಅಂಚಿನಿಂದಲೇ ಹರಿಯುತ್ತದೆ. ಹಾಳೆಯಂತೆ ಚಪ್ಪಟೆ ಇರಬಾರದು. "ಹಾಯಿಗಿ ಹೊಟ್ಟಿ ಇರಬೇಕ್ರಿ." ಕುಪ್ಪಸಕ್ಕೆ ಹಾಕುವ ಹಾಗೆ ಕೆಳಗೆ ಎರಡು ಒಳಮಡಿಕೆ, ಟಕ್ಸ್ ಹಾಕಿದೆ. ಬೆಳಕಿಗೆ ಹಿಡಿದು ನೋಡಿ, "ನನಗಿಷ್ಟ ವರ್ಷ ಹೊಳದಿರಲಿಲ್ರಿ" ಎಂದ. ಆ ಮೆಚ್ಚುಗೆಯಿಂದ ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು.

ಕಂಬದ ತಲೆಯಿಂದ ಎರಡೂ ಮಗ್ಗುಲಿಗೆ ಹುರಿ ಬಿಗಿದ. ಕಂಬ ಅಲುಗಬಾರದು, ಹಾಯಿ ಆಡಬೇಕು. ಹಾಯಿಯ ಮೇಲಂಚನ್ನು ಅಡ್ಡ ಬಿದಿರುಕಡ್ಡಿಗೆ ಸುತ್ತುಸುತ್ತಾಗಿ ಹೊಲಿದೆವು, ಅವನು ಸೂಜಿ ಈ ಕಡೆಯಿಂದ ಚುಚ್ಚುವುದು, ನಾನು ಆ ಕಡೆಯಿಂದ ಎಳೆಯುವುದು. ಕಡ್ಡಿಯನ್ನು ಮೇಲೇರಿಸುವ ಹುರಿ ಸರಾಗವಾಗಿ ಓಡಬೇಕಲ್ಲ, ಅದಕ್ಕೆ ನನ್ನ ಡಬ್ಬಿಯಿಂದ ಅಂಗಿಯ ಗುಂಡಿ ಆರಿಸಿ ಕಂಬದ ತುದಿಗೆ ಕಟ್ಟಿದ. ಹುರಿಗಳಿಗೆಲ್ಲ, ಒಡಲಿಗೂ, ಅಗಸೆ ಎಣ್ಣೆ ತಿಕ್ಕಿದ. ಒಂದನ್ನು ಮಾತ್ರ ಬಿಟ್ಟ, ಕೊನೆಗೆ ಕಟ್ಟಿದ ಕೈಹಗ್ಗ. ಪುಂಡಿ ನಾರನ್ನು ತೊಡೆಯ ಮೇಲೆ ಹೊಸೆದು ಅದನ್ನು ಬೇರೆಯೇ ಮಾಡಿದ್ದ.

"ಇದಕ್ಯಾಕ ಎಣ್ಣಿ ಹಚ್ಚಲಿಲ್ಲ ಕಾಕಾ?"

"ತೊಯ್ದ ಮ್ಯಾಲ ಇದು ಏನ್ ಮಾಡತೈತಿ ಅಂತ ಸಾಹೇಬ್ರಿಗಿ ಕಾಣಬೇಕ್ರಿ."

ಅದು ಆರನೆಯ ಸಂಜೆ. ಆಯಿ ಒಳಗೆ ಹೋಗಿದ್ದಳು. ಚಹಾ ತಂದಿಟ್ಟೆ. ಅವನು ಮುಟ್ಟಲಿಲ್ಲ. ಆ ಸಣ್ಣ ಹಗ್ಗದ ತುದಿಯನ್ನು ನನ್ನ ಕಡೆ ಚಾಚಿ ಹಿಡಿದ.

"ಸಾಹೇಬ್ರ ಮೇಜಿನ ಮ್ಯಾಲ ಒಂದು ಗಂಟ ಐತ್ರಿ. ಅಂಥಾದ್ದು ನನ್ನ ಕೈಗೆ ಬರಂಗಿಲ್ಲ ಅಂದೆ. ನಕ್ರು. ನೀವು ಹಾಕಿ ತೋರಸ್ರಿ ಅಕ್ಕೋರ. ನಾ ಕಲ್ತು ಹೋಗತೇನಿ."

ಅವನು ಕೇಳಿದ್ದು ಇಷ್ಟೇ. ನೀವೇ ಕಟ್ಟಿದಿರಿ ಎನ್ನಲಿಲ್ಲ, ಬಂದು ಹೇಳಿ ಎನ್ನಲಿಲ್ಲ. ನನ್ನ ಕೈ ಒಮ್ಮೆ ಅದೇ ಗಂಟು ಹಾಕಿದ್ದರೆ ಕಟ್ಟಿದ್ದು ನಾನೇ ಎಂದು ಹೇಳಿದ ಹಾಗೆ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಹಗ್ಗ ತೆಗೆದುಕೊಂಡೆ. ಸಡಿಲವಾದ, ಕುಣಿಕೆಯ, ಲಂಗದ ಲಾಡಿಗೆ ಹಾಕುವಂಥ ಒಂದು ಗಂಟು ಹಾಕಿದೆ.

ಅವನು ಅದನ್ನು ನೋಡಿದ. ಒಂದೇ ಎಳೆತಕ್ಕೆ ಬಿಚ್ಚಿತು. "ಹೌದ್ರಿ" ಎಂದ. ಚಹಾ ಕುಡಿದು ನಾವೆಯನ್ನು ಧೋತರದ ತುಂಡಿನಲ್ಲಿ ಸುತ್ತಿಕೊಂಡು ಹೋದ.

ವಿಚಾರಣೆ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ನಡೆಯಿತು. ದೊಡ್ಡ ಪರಾತದಲ್ಲಿ ನೀರು, ಪಕ್ಕದಲ್ಲಿ ಮೇಜಿನ ಫ್ಯಾನು. ಕಾಕಾ ನಾವೆಯನ್ನು ನೀರಿಗೆ ಬಿಟ್ಟು ಕೈಹಗ್ಗದ ತುದಿ ಬೆರಳಲ್ಲಿ ಹಿಡಿದ. ಫ್ಯಾನು ತಿರುಗಿತು, ಹಾಯಿಗೆ ಹೊಟ್ಟೆ ಬಂತು, ನಾವೆ ಚೆಂದವಾಗಿ ಸರಿಯಿತು. ಗಾಳಿ ಹೆಚ್ಚಿಸಿದರು. ಅವನು ಹಗ್ಗ ಬಿಟ್ಟ. ಹಾಯಿ ಪಟಪಟ ಎಂದಿತು, ನಾವೆ ನೆಟ್ಟಗೆ ನಿಂತಿತು. ಈಗ ನಾವೆಯಲ್ಲಿ ಸಿಕ್ಕ ಹಾಗೆಯೇ ಹಗ್ಗ ಕಟ್ಟಿ ತೋರಿಸು ಎಂದರು ಸಾಹೇಬರು. "ನನಗ ಬರಂಗಿಲ್ರಿ." ಜವಾನ ಬಂದು, ಕಾಗದದಲ್ಲಿ ಸುತ್ತಿಟ್ಟಿದ್ದ ಹಗ್ಗದ ತುಂಡಿನ ಗಂಟು ನೋಡಿ ನೋಡಿ ಹಾಗೆಯೇ ಕಟ್ಟಿದ, ಮೇಲೆ ನೀರು ಚಿಮುಕಿಸಿದ. ಫ್ಯಾನಿನ ಗಾಳಿಗೆ ನಾವೆ ವಾಲಿತು, ವಾಲಿದ್ದು ಏಳಲಿಲ್ಲ, ನಾನು ಹೊಲಿದ ಹಾಯಿ ನೀರಿಗಂಟಿ ಕಪ್ಪಾಯಿತು.

"ಇಷ್ಟೆಲ್ಲ ಗೊತ್ತಿರುವವನು ಹಗ್ಗ ಯಾಕಪ್ಪ ಕಟ್ಟಿದೆ?" ಎಂದರು ಸಾಹೇಬರು. ಸಿಟ್ಟಿನಿಂದಲ್ಲ, ನಿಜವಾದ ಬೇಸರದಿಂದ. ಅವನ ಕೆಲಸದ ಅಚ್ಚುಕಟ್ಟೇ ಅವನ ವಿರುದ್ಧ ಸಾಕ್ಷಿ ಹೇಳಿಬಿಟ್ಟಿತ್ತು.

ಆಗ ಕಾಕಾ ನನ್ನ ಕಡೆ ನೋಡಿದ ಎಂದು ಬರೆಯಬಹುದು. ಎಷ್ಟೋ ವರ್ಷ ನಾನು ಹಾಗೆಯೇ ನೆನಪಿಟ್ಟುಕೊಂಡಿದ್ದೆ. ಆದರೆ ನಾನು ನೆಲ ನೋಡುತ್ತಿದ್ದೆ. ಅವನು ಎಲ್ಲಿ ನೋಡಿದನೋ ನನಗೆ ಹೇಗೆ ಗೊತ್ತಾಗಬೇಕು? ಮಾತು ಮಾತ್ರ ಕೇಳಿಸಿತು. "ಹಗ್ಗ ನನ್ನ ಕೈಯಾಗ ಇರಬೇಕಿತ್ರಿ. ಇರಲಿಲ್ರಿ."

ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಆಮೇಲೆ ನನ್ನನ್ನು ಕರೆದರು. ಹಿಂದಿನ ಹಲಗೆಯ ಮೇಲಿದ್ದೆ, ಗಾಬರಿಯಲ್ಲಿ ಏನೂ ಕಾಣಲಿಲ್ಲ ಎಂದೆ. ಟೀಚರು ಸಾವಿನ ದವಡೆಯಿಂದ ಬಂದಿದ್ದಾರೆ ಎಂದು ಕುರ್ಚಿ ಕೊಟ್ಟರು, ಸಹಿ ಹಾಕಿಸಿಕೊಂಡರು. ಅವನು ಯಾಕೆ ನನ್ನ ಹೆಸರು ಹೇಳಲಿಲ್ಲ? ದೊಡ್ಡ ಮನಸ್ಸು ಎಂದು ಬಹಳ ಕಾಲ ನಂಬಿದ್ದೆ. ನನಗೆ ಅನುಕೂಲವಾದ ನಂಬಿಕೆ ಅದು. ಅಕ್ಕೋರ ಮಾತಿನ ಮುಂದೆ ಅಂಬಿಗನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿದ್ದಿರಬಹುದು. ಅದಕ್ಕೇ ಹೇಳು ಎನ್ನದೆ, ಗಂಟು ಹಾಕಿ ತೋರಿಸು ಎಂದು ಕೇಳಿದ್ದಿರಬಹುದು...

ಅವನ ಪರವಾನಗಿ ಹೋಯಿತು. ಶಿಕ್ಷೆಯೂ ಆಯಿತು, ಕೆಲವು ತಿಂಗಳು. ಬಿಡುಗಡೆಯಾಗಿ ಬಂದ ಮೇಲೆ ಊರಲ್ಲಿ ನಿಲ್ಲಲಾಗಲಿಲ್ಲ. ಹೂವಿನ ಹಿಪ್ಪರಗಿಯ ಕಡೆ, ಹೊಳೆಯಿಲ್ಲದ ಒಂದು ಹಳ್ಳಿಯಲ್ಲಿ ಹತ್ತಿಯ ಗೋದಾಮು ಕಾಯುತ್ತಿದ್ದನಂತೆ. ಸತ್ತದ್ದೂ ಅಲ್ಲೇ. ನಾನು ಅಷ್ಟು ಹೊತ್ತಿಗೆ ಸಿಂದಗಿಗೆ ವರ್ಗವಾಗಿದ್ದೆ, ಆಮೇಲೆ ಇಂಡಿಗೆ. ಸುದ್ದಿ ಬಂದ ದಿನ ಸಾಲೆಗೆ ರಜೆ ಹಾಕಲಿಲ್ಲ.

ಅವನ ಮಗಳನ್ನು ತಂಗಡಗಿಗೆ ಕೊಟ್ಟಿದ್ದಾರೆ ಎಂಬುದು ನನಗೆ ಮೊದಲಿನಿಂದ ಗೊತ್ತಿತ್ತು. ಎದುರು ಮನೆಯ ಬ್ಯಾಟಿನ ವಾಸನೆ ಬಂದ ವಾರವೇ ಬಸ್ಸು ಹತ್ತಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಯಾರ್ರಿ ಎಂದಳು. ಹೊಲಿಗಿ ಅಕ್ಕೋರು, ಮುದ್ದೇಬಿಹಾಳದಾಗ ಇದ್ದೆ ಎಂದೆ. ಚಾಪೆ ತೋರಿಸಿದಳು. ಬಸ್ಸಿನಲ್ಲಿ ಮಾತನ್ನು ಎಷ್ಟೋ ಥರ ಜೋಡಿಸಿಕೊಂಡಿದ್ದೆ. ಅಲ್ಲಿ ನಾಲ್ಕೇ ವಾಕ್ಯದಲ್ಲಿ ಮುಗಿಯಿತು. ಹಗ್ಗ ನನ್ನ ಕೈಗೆ ಕೊಟ್ಟಿದ್ದ. ಕಟ್ಟಬೇಡ ಎಂದಿದ್ದ. ಕಟ್ಟಿದ್ದು ನಾನು. ಕೇಳಿದಾಗ ಹೇಳಲಿಲ್ಲ.

ಬಡಿಯುವ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿಹಾಕಿದಳು.

"ನಮ್ಮಪ್ಪ ಮೊದಮೊದಲ ನಾ ಅಲ್ಲ, ನಾ ಅಲ್ಲ ಅಂತಿದ್ದ. ಆಮ್ಯಾಲ ಸುಮ್ಮನಾದ. ಕಡೀಕ ಎರಡೂ ಕೈ ಮುಂದ ಹಿಡದು, ಈ ಕೈಲೇ ಕಟ್ಟೇನಿ, ಇಬ್ಬರನ್ನ ಕೊಂದೇನಿ ಅಂತಿದ್ದ. ಹಂಗ ಅನಕೊಂತನ ಸತ್ತ."

ನಿಜ ಗೊತ್ತಿರುವವರು ಇಬ್ಬರಿದ್ದೇವೆ ಎಂದು ನಾನು ಇಷ್ಟು ವರ್ಷ ಎಣಿಸಿದ್ದೆ. ಅವನು ಸತ್ತ ಮೇಲೂ ಹಾಗೆಯೇ ಎಣಿಸುತ್ತಿದ್ದೆ, ಅವನಿಗಂತೂ ಗೊತ್ತಿತ್ತಲ್ಲ ಎಂದು. ಅದೊಂದು ಆಸರೆಯಾಗಿತ್ತು. ಅವನ ಕೈ ಅವನಿಗೆ ಸುಳ್ಳು ಹೇಳುವ ತನಕ ನಾನು ಸುಮ್ಮನಿದ್ದೆ.

"ನನಗ ಈ ಮನ್ಯಾಗ ಇಂದಿಗೂ ಮಂದೀನ ಮುಳುಗಿಸಿದವನ ಮಗಳು ಅಂತಾರ" ಎಂದಳು. ಅಳಲಿಲ್ಲ. "ಬರದು ಕೊಡ್ರಿ. ಅವನ ಹೆಸರು, ನಿಮ್ಮ ಹೆಸರು, ಕೆಳಗ ಸಹಿ. ಒಂದು ಹಾಳಿ ಸಾಕು."

"ಬರದು ಕೊಡತೇನಿ."

"ಹಂಗಾರ ಹೋಗ್ರಿ. ರೊಟ್ಟಿ ಹೊತ್ತಾಕತ್ತೈತಿ."

ಕುಡಿಯಲು ನೀರು ಬೇಕೇ ಎಂದು ನನ್ನನ್ನು ಕೇಳಲಿಲ್ಲ ಅವಳು. ನಮ್ಮ ಕಡೆ ವೈರಿಗೂ ಕೇಳುತ್ತಾರೆ.

ಇಂಡಿಗೆ ಬಂದು ಬರೆಯಲು ಕುಳಿತೆ. ಒಂದು ಹಾಳೆ ಎಂದುಕೊಂಡದ್ದು ಇಷ್ಟಾಯಿತು. ಈಗ ಮೊದಲಿನಿಂದ ಓದಿ ನೋಡಿದೆ. ಹಾಯಿಯ ಬಟ್ಟೆ ಯಾವುದೆಂದು ಬರೆದಿದ್ದೇನೆ, ಗುಂಡಿ ಎಲ್ಲಿ ಕಟ್ಟಿದನೆಂದು ಬರೆದಿದ್ದೇನೆ. ಅವನ ಹೆಸರು ಎಲ್ಲೂ ಬಂದಿಲ್ಲ. ನನ್ನದೂ ಇಲ್ಲ. ಅವಳು ಕೇಳಿದ ಕಾಗದ ಇದಲ್ಲ. ಅದನ್ನು ಇನ್ನೂ ಬರೆದಿಲ್ಲ.