ಕಾಲರ್ ಅಕ್ಕ ಒಪ್ಪದ ಬಾಯಿಪಾಠ

ಆ ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ, ಹಾಗಾಗಿ ಎಲ್ಲರಿಗೂ ಕಾಲರ್ ಅಕ್ಕ. ಬಾಯಿ ಹೊಲಿಗೆ ಮೆಷಿನ್ನಿಗಿಂತ ಜೋರು. ಆ ಬಾಯಿಗೆಂದೇ ಮ್ಯಾನೇಜರ್ ಅವಳನ್ನು ಕರೆಸಿದ.

ಕಾರ್ಮಿಕರನ್ನು ನ್ಯಾಯವಾಗಿ ನಡೆಸಿಕೊಳ್ಳುವ ಕಾರ್ಖಾನೆ ಎಂಬ ಸರ್ಟಿಫಿಕೇಟ್ ಸಿಕ್ಕರೆ ದೊಡ್ಡ ಆರ್ಡರ್ ಬರುವುದಿತ್ತು. ತಪಾಸಣೆಯವರು ಮುಂದಿನ ವಾರ ಬರುವವರಿದ್ದರು.

"ಹಿಂದಿನ ಬಾಗಿಲು ಯಾವಾಗ್ಲೂ ತೆಗೆದೇ ಇರುತ್ತೆ ಅಂತ ಎಲ್ಲರೂ ಹೇಳ್ಬೇಕು. ನೀವೇ ಕಲಿಸಿ."

ಬಟ್ಟೆ ಕಳುವಾದೀತೆಂದು ಆ ಬಾಗಿಲಿಗೆ ಸದಾ ಬೀಗ.

"ಇಷ್ಟು ಜನಕ್ಕೆ ಸುಳ್ಳು ಬಾಯಿಪಾಠ ಮಾಡಿಸೋದಕ್ಕಿಂತ ಒಂದು ಬೀಗ ತೆಗೆಯೋದು ಸುಲಭ ಅಲ್ವಾ ಸಾರ್?"

"ತಪಾಸಣೆ ದಿನ ತೆಗೀತೀವಿ ಬಿಡಿ," ಎಂದು ಅವನು ನಕ್ಕ. ಅವಳು ಕಲಿಸಲು ಒಪ್ಪದೆ ಎದ್ದುಬಂದಳು.

ಗುಂಡಿ ಹಾಕುವ ಮೆಷಿನ್ನಿನಲ್ಲಿ ಅವಳ ನಾದಿನಿ ಕೆಲಸ ಮಾಡುತ್ತಿದ್ದಳು. ಮನೆಗೆ ನಡೆಯುವಾಗ ಗೋಗರೆದಳು: "ಅತ್ತಿಗೆ, ಕೂತ ಕೊಂಬೆ ನಾವೇ ಕಡಿಯೋದಾ? ಸುಮ್ಮನಿರಿ."

"ಇಸ್ತ್ರಿ ಮೇಜಿಗೆ ಬೆಂಕಿ ಹತ್ತಿದ ದಿನ ಆ ಬಾಗಿಲು ಬಡಿದು ಬಡಿದು ನಿನ್ನ ಅಂಗೈ ಊದಿತ್ತಲ್ಲೇ. ಮರೆತುಬಿಟ್ಯಾ?"

ನಾದಿನಿ ಅಂಗೈ ಉಜ್ಜಿಕೊಳ್ಳುತ್ತಾ ನಡೆದಳು.

ತಪಾಸಣೆಗೆ ಬಂದ ಹೆಂಗಸು ಒಬ್ಬೊಬ್ಬರನ್ನೇ ಒಳಗೆ ಕರೆದು, ಹೇಳಿದವರ ಹೆಸರು ಹೊರಗೆ ಹೋಗುವುದಿಲ್ಲವೆಂದು ಮಾತು ಕೊಟ್ಟಳು. ಕೆಲಸ ಹೋದೀತೆಂಬ ಭಯ ಕಾಲರ್ ಅಕ್ಕನಿಗೂ ಇತ್ತು. ಆದರೂ ಹೇಳಿದಳು: "ಬಾಗಿಲು ತೆಗೆದಿರೋದು ಇವತ್ತು ಮಾತ್ರ ಮೇಡಂ."

ಸರ್ಟಿಫಿಕೇಟ್ ಸಿಗಲಿಲ್ಲ. ಮ್ಯಾನೇಜರ್ ಕೆಂಡಾಮಂಡಲವಾಗಿ, ಹೇಳಿದ್ದು ಯಾರೆಂದು ಹೊಸದಾಗಿ ಸೇರಿದ ಹುಡುಗಿಯರನ್ನು ಗದರಿಸತೊಡಗಿದ. ಕಾಲರ್ ಅಕ್ಕ ಮೆಷಿನ್ ನಿಲ್ಲಿಸಿ ಎದ್ದಳು.

"ಅವರನ್ಯಾಕೆ ಅಳಿಸ್ತೀರಾ ಸಾರ್? ಹೇಳಿದ್ದು ನಾನು."

ಅಂದಿನಿಂದ ಅವಳಿಗೆ ಮೂಲೆಯಲ್ಲಿ ದಾರ ಕತ್ತರಿಸುವ ಕೆಲಸ. ಆರ್ಡರ್ ಕೈತಪ್ಪಿತೆಂದು ಕೆಲವರು ಮಾತು ಬಿಟ್ಟರು. ಊಟದ ಹೊತ್ತಿಗೆ ಅವಳ ಬೆಂಚು ಖಾಲಿ. ಅದರಿಂದ ಅವಳಿಗೆ ನೋವಾಯಿತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಮೂರನೆಯ ದಿನ ನಾದಿನಿ ಡಬ್ಬಿ ಹಿಡಿದು ಬಂದು, "ಸ್ವಲ್ಪ ಆ ಕಡೆ ಸರೀರಿ ಅತ್ತಿಗೆ," ಎಂದು ಪಕ್ಕದಲ್ಲೇ ಕೂತಳು. ಆಮೇಲೆ ಇನ್ನಿಬ್ಬರು ಬಂದರು.

ಇತ್ತ ಅವಳ ಕೈಯಿಲ್ಲದೆ ಕಾಲರ್‌ಗಳು ಸೊಟ್ಟಪಟ್ಟಗಾಗಿ, ಕಳಿಸಿದ ಅಂಗಿಗಳೆಲ್ಲ ವಾಪಸಾದವು. ಮಾಲೀಕನೇ ಇಳಿದುಬಂದು ವಿಚಾರಿಸಿ, ಬೀಗದ ಕತೆಯನ್ನೆಲ್ಲ ತಿಳಿದುಕೊಂಡ. ಬೀಗ ಕಿತ್ತು, ತಳ್ಳಿದರೆ ತೆರೆದುಕೊಳ್ಳುವ ಬಾಗಿಲು ಹಾಕಿಸಿದ. ಅವಳು ತನ್ನ ಮೆಷಿನ್ನಿಗೆ ಮರಳಿದಳು.

ಮತ್ತೆ ತಪಾಸಣೆಯಾಗಿ ಈ ಸಲ ಸರ್ಟಿಫಿಕೇಟ್ ಸಿಕ್ಕಿತು. ಮ್ಯಾನೇಜರ್ ಮೆಲ್ಲಗೆ ಬಂದು ಕೇಳಿದ: "ನಮ್ಮ ಬಗ್ಗೆ ಒಳ್ಳೇದೇ ಹೇಳಿದ್ರಾ?"

"ಬಾಗಿಲು ಚೆನ್ನಾಗಿದೆ ಅಂದೆ ಸಾರ್. ಕುಡಿಯೋ ನೀರು ಮಧ್ಯಾಹ್ನಕ್ಕೇ ಖಾಲಿಯಾಗುತ್ತೆ ಅಂತಾನೂ ಅಂದೆ."

ಅವನು ಹಣೆ ಚಚ್ಚಿಕೊಂಡು, ಇನ್ನೊಂದು ನೀರಿನ ಡ್ರಮ್ಮು ತರಿಸಲು ಹೋದ.