ಕೊನೆಯ ಮರಿಯ ಪಾಲಿನ ಮೀನು

ಮೂರು ಮರಿಗಳಲ್ಲಿ ದೊಡ್ಡದು ಚಿಕ್ಕದರ ಕತ್ತನ್ನು ಕೊಕ್ಕಿನಲ್ಲಿ ಹಿಡಿದು ಗೂಡಿನಾಚೆಗೆ ದಬ್ಬಿಯೇಬಿಟ್ಟಿತು. ಚಿಕ್ಕದು ಒಂದು ಕಡ್ಡಿಗೆ ಕೊಕ್ಕು ಸಿಕ್ಕಿಸಿಕೊಂಡು ಕೆರೆಯ ನೀರಿನ ಮೇಲೆ ಜೋತಾಡತೊಡಗಿತು. ತೊಂಬತ್ತರ ದಶಕದ ಒಂದು ಮಳೆಗಾಲ. ಆನವಟ್ಟಿ ಹತ್ತಿರದ ಕೆರೆ ಏರಿಯ ಮೇಲೆ ಕೂತು ಬೆಳ್ಳಕ್ಕಿ ಗೂಡಿನ ಫೋಟೊ ತೆಗೆಯುತ್ತಿದ್ದ ನಾನು ಒಂದರ ಹಿಂದೊಂದು ಕ್ಲಿಕ್ಕಿಸಿದೆ.

"ಫೋಟೊ ಸಾಕ್ರೀ, ಅದನ್ನ ಹೆಂಗಾದ್ರೂ ಮೇಲೆ ಹತ್ತಿಸ್ರಿ!" ಎಂದು ಪಕ್ಕದಲ್ಲಿದ್ದ ಹೆಂಡತಿ ಶಾರದಾ ತೋಳು ಜಗ್ಗಿದಳು.

ಮರ ನೀರಿನ ನಡುವೆ ಇತ್ತು. ಹತ್ತಿರ ಹೋದರೆ ಹಕ್ಕಿಗಳೆಲ್ಲ ಬೆದರಿ ಇನ್ನಷ್ಟು ಮರಿಗಳು ಬೀಳುವ ಭಯ. ಸುಮ್ಮನೆ ನೋಡುತ್ತ ನಿಂತೆವು. ಮರಿ ಕಾಲು ಬಡಿದು ಬಡಿದು ಕೊನೆಗೂ ತಾನೇ ಮೇಲೆ ಹತ್ತಿತು. ಅಷ್ಟರಲ್ಲಿ ತಾಯಿ ಬಂತು. ತಂದ ಮೀನನ್ನೆಲ್ಲ ದೊಡ್ಡವೆರಡು ಕಸಿದು ನುಂಗಿದವು, ತಾಯಿ ತಡೆಯಲಿಲ್ಲ. ಹೊಟ್ಟೆ ತುಂಬಿದ ಅವು ತೂಕಡಿಸುತ್ತಿದ್ದಾಗ ತಾಯಿ ಇನ್ನೊಮ್ಮೆ ಬಂತು. ಈ ಸಲದ ಮೀನು ಚಿಕ್ಕದರ ಬಾಯಿಗೆ ಬಿತ್ತು.

ತಿರುಗಿ ನೋಡಿದರೆ ಶಾರದಾ ಅಳುತ್ತಿದ್ದಳು.

"ನಾನೂ ನಮ್ಮನೇಲಿ ಕೊನೇಳಲ್ವೇನ್ರೀ. ಅಣ್ಣ, ಅಕ್ಕ ಎಲ್ಲಾ ಕಿತ್ಕೊಂಡ್ರೂ ಅವ್ವ ಬಯ್ತಿರ್ಲಿಲ್ಲ ಅಂತ ಸಿಟ್ಟಿತ್ತು. ಅವ್ರು ಮಲಗಿದ ಮೇಲೆ ನನ್ನ ಕರ್ದು ರೊಟ್ಟಿ ಕೊಡ್ತಿದ್ಲು. ಅದನ್ನ ಮರ್ತೇಬಿಟ್ಟಿದ್ದೆ" ಎಂದಳು.

ಅಣ್ಣನ ಜತೆ ಮುನಿಸಿಕೊಂಡು ತವರಿನ ಮಾತೇ ಎತ್ತದಿದ್ದವಳು ನಮ್ಮೂರು ಶಿಕಾರಿಪುರದಲ್ಲಿ ಬಸ್ಸಿಳಿಯುವವರೆಗೂ ಅವ್ವನ ಕಥೆ ಹೇಳಿದಳು. ಮುಂದಿನ ಭಾನುವಾರ ಇಬ್ಬರೂ ಅವಳ ತವರು ಹೊಸಬಾಳೆಗೆ ಹೋದೆವು. ಅಣ್ಣನೇ ಬಾಗಿಲು ತೆರೆದು, "ಬಾರವ್ವ ಒಳಗೆ" ಎಂದ.